ರೂಸಿಯೋನ್‌ನ ಕೆಂಪು ಗೋಡೆ: ಏಳು ಚದರ ಮೀಟರ್, ಒಂಬತ್ತು ವಾರಾಂತ್ಯ

ಫೆಬ್ರವರಿ, ಮೊದಲ ಭೇಟಿ

ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿದೆ. ಮೇಲೆ ಟಕ್ ಟಕ್. ಸೊಂಟದ ಮಟ್ಟಕ್ಕೆ ಬಂದಾಗ ಡಬ್ ಡಬ್. ಹಲಸು ಹಣ್ಣಾಗಿದೆಯೋ ಇಲ್ಲವೋ ಅಂತ ತಟ್ಟಿ ನೋಡುತ್ತೇವಲ್ಲ, ಅದೇ ಸದ್ದು. ಗಿಲಾವು ಕಲ್ಲನ್ನು ಬಿಟ್ಟು ಎದ್ದಿದೆ ಎಂದು ಅರ್ಥ.

ಮನೆ ನನ್ನದಲ್ಲ. ಸಹೋದ್ಯೋಗಿಯೊಬ್ಬನ ತಾಯಿಯದು. ಫ್ರಾನ್ಸಿನ ದಕ್ಷಿಣದಲ್ಲಿ, ಪ್ರೊವಾನ್ಸ್‌ನ ಲ್ಯುಬೆರಾನ್ ಸೀಮೆಯಲ್ಲಿರುವ ರೂಸಿಯೋನ್ ಎಂಬ ಹಳ್ಳಿಯಲ್ಲಿದೆ. ನಾನಿರುವುದು ಏಕ್ಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಊಟಕ್ಕೆಂದು ಕರೆದಿದ್ದರು. ಊಟ ಮುಗಿಸಿ ಹೊರಗೆ ಬಂದವನು ಸುಮ್ನೆ ಇರಬೇಕಿತ್ತು. "ಈ ಗೋಡೆ ಯಾಕೆ ಹೀಗಾಗಿದೆ?" ಎಂದು ಕೇಳಿಬಿಟ್ಟೆ. ಅಲ್ಲಿಂದ ಶುರುವಾಯಿತು.

ರೂಸಿಯೋನ್ ನೋಡದವರಿಗೆ ಎರಡು ಮಾತು. ಇಡೀ ಊರು ಕಾವಿ ಮಣ್ಣಿನ ಬೆಟ್ಟದ ಮೇಲೆ ಕೂತಿದೆ. ಊರಿನ ಅಂಚಿಗೆ ಹೋದರೆ ಕೆಂಪು, ಹಳದಿ, ಕಿತ್ತಳೆ ಬಣ್ಣದ ಕಡಿದಾದ ಕಮರಿಗಳು. ಹಿಂದೆ ಅಲ್ಲಿ ಮಣ್ಣು ಅಗೆದದ್ದರ ಗುರುತುಗಳೇ ಅವು. ಮನೆಗಳೂ ಅದೇ ಬಣ್ಣ. ಮಾಸಿದ ಗುಲಾಬಿಯಿಂದ ಹಿಡಿದು ಇಟ್ಟಿಗೆ ಕೆಂಪಿನವರೆಗೆ. ಒಂದು ಕಾಲದಲ್ಲಿ ಕೋಟೆಯ ಬಾಗಿಲಾಗಿದ್ದ ಗೋಪುರ ಈಗ ಗಡಿಯಾರದ ಗೋಪುರ. ಅದರ ಕೆಳಗೆ ತೂರಿಕೊಂಡು ಮೇಲೆ ಹತ್ತಿದರೆ ಸೇಂಟ್ ಮಿಶೆಲ್ ಚರ್ಚು. ಬೇಸಿಗೆಯಲ್ಲಿ ಪ್ರವಾಸಿಗರ ಕಾಟ. ಫೆಬ್ರವರಿಯಲ್ಲಿ ಬೆಕ್ಕುಗಳು ಮಾತ್ರ.

ಮದಾಮ್ ಅವರ ಮನೆ ಮೂರು ಅಂತಸ್ತಿನದು. ಕಿರಿದಾಗಿ, ಎತ್ತರವಾಗಿ, ಅಕ್ಕಪಕ್ಕದ ಮನೆಗಳಿಗೆ ಒರಗಿ ನಿಂತಿದೆ. ಮೇಲಿನ ಎರಡು ಅಂತಸ್ತಿನ ಗಿಲಾವು ಹಳೆಯದು. ಬಣ್ಣ ಮಾಸಿದೆ, ಆದರೆ ಗಟ್ಟಿ. ನೆಲ ಅಂತಸ್ತಿನದು ಮಾತ್ರ ಬೇರೆ. 1970ರ ದಶಕದಲ್ಲಿ ಯಾರೋ ಅದಕ್ಕೆ ಸಿಮೆಂಟ್ ಬಳಿದು, ಮೇಲೆ ಗುಲಾಬಿ ಪೇಂಟ್ ಹಚ್ಚಿದ್ದಾರೆ. ಪೇಂಟು ಈಗ ಹಪ್ಪಳದ ಹಾಗೆ ಎದ್ದಿದೆ. ಕೆಳಗಿನ ಒಂದು ಮೀಟರ್ ಪೂರ್ತಿ ತೇವ. ಅದರ ಅಂಚಿನಲ್ಲಿ ಬಿಳಿ ಉಪ್ಪು, ಹತ್ತಿಯ ಹಾಗೆ.

ಅಳತೆ ತೆಗೆದುಕೊಂಡೆ. ಅಗಲ 3.4 ಮೀಟರ್, ಎತ್ತರ 2.7 ಮೀಟರ್, ಬಾಗಿಲು ಕಳೆದರೆ ಸುಮಾರು 7 ಚದರ ಮೀಟರ್. ಇಷ್ಟೇ ಅಲ್ವಾ, ನಾಲ್ಕು ವಾರಾಂತ್ಯ ಸಾಕು ಅಂದುಕೊಂಡೆ. ಈ ಅಂದಾಜನ್ನು ನೆನಪಿಟ್ಟುಕೊಳ್ಳಿ.

ಕಾಗದದ ಕೆಲಸ

ಇಂಥ ಊರಲ್ಲಿ ನಿಮ್ಮ ಮನೆಯ ಮುಂಭಾಗವನ್ನು ನಿಮಗೆ ಬೇಕಾದ ಹಾಗೆ ಮಾಡುವಂತಿಲ್ಲ. ಪಂಚಾಯಿತಿ ಕಚೇರಿಗೆ ಮೊದಲೇ ಅರ್ಜಿ ಕೊಡಬೇಕು. ಸಾಮಾನ್ಯವಾಗಿ ಉತ್ತರಕ್ಕೆ ಒಂದು ತಿಂಗಳು. ಸಂರಕ್ಷಿತ ಪ್ರದೇಶವಾದರೆ ಎರಡು. ಅಲ್ಲಿ ಸರ್ಕಾರದ ಪಾರಂಪರಿಕ ಕಟ್ಟಡಗಳ ವಾಸ್ತುಶಿಲ್ಪಿಯ ಅಭಿಪ್ರಾಯವೂ ಬೇಕು. ಫ್ರಾನ್ಸಿನಲ್ಲಿ ಸ್ಮಾರಕಗಳ ಮುಖ್ಯ ಕಾನೂನು 1913ರದು. ಸ್ಮಾರಕದ ಸುತ್ತ 500 ಮೀಟರ್ ಒಳಗಿನ ಕೆಲಸಕ್ಕೂ ಒಪ್ಪಿಗೆ ಬೇಕೆಂಬ ನಿಯಮ 1943ರದು. ಯುದ್ಧದ ನಡುವೆ, ದೇಶವೇ ಪರರ ಕೈಯಲ್ಲಿದ್ದಾಗ, ಇಂಥ ಕಾನೂನು ಮಾಡಿಕೊಂಡಿದ್ದಾರೆ ನೋಡಿ.

ಅರ್ಜಿಯಲ್ಲಿ ಬರೆದದ್ದು ಇಷ್ಟು: ಸಿಮೆಂಟ್ ತೆಗೆಯುವುದು, ಸುಣ್ಣದ ಗಾರೆ ಹಾಕುವುದು, ಕಾವಿ ಬೆರೆಸಿದ ಸುಣ್ಣ ಬಳಿಯುವುದು. ಏಪ್ರಿಲ್‌ನಲ್ಲಿ ಒಪ್ಪಿಗೆ ಬಂತು. ಒಂದೇ ಷರತ್ತು. ಬಣ್ಣ ಮೇಲಿನ ಅಂತಸ್ತಿಗೆ ಹೊಂದಬೇಕು.

ಓದಿ ನಕ್ಕೆ. ಹೊಂದಿಸೋದೇನು ಮಹಾ ಕೆಲಸ!

ಏಪ್ರಿಲ್, ಎರಡು ವಾರಾಂತ್ಯ: ಕೆಡವುವುದು

ಉಳಿ, ಸುತ್ತಿಗೆ, ಕನ್ನಡಕ, ಮಾಸ್ಕ್. ಬಾಡಿಗೆಗೆ ಡ್ರಿಲ್ಲಿಂಗ್ ಯಂತ್ರ ತರೋಣ ಎಂದಿದ್ದೆ. ಬೀದಿಯ ತುದಿಯಲ್ಲಿರುವ ಮುದುಕ ಮೇಸ್ತ್ರಿ ಬೇಡ ಎಂದರು. ಕೆಲಸದಿಂದ ನಿವೃತ್ತರಾಗಿದ್ದಾರೆ, ಆದರೆ ಬಾಯಿಗೆ ನಿವೃತ್ತಿ ಸಿಕ್ಕಿಲ್ಲ. ದಿನಾ ಬಂದು ನಿಲ್ಲುತ್ತಿದ್ದರು. ಅವರ ವಾದ ಸರಿಯಿತ್ತು. ಇವು ಕೆತ್ತಿದ ಕಲ್ಲಿನ ಗೋಡೆಗಳಲ್ಲ. ಕೈಗೆ ಸಿಕ್ಕ ಕಲ್ಲುಗಳನ್ನು ಮಣ್ಣು, ಸುಣ್ಣ ಹಾಕಿ ಕಟ್ಟಿದ್ದು. ಯಂತ್ರದ ನಡುಕಕ್ಕೆ ಗಿಲಾವು ಬೀಳುತ್ತದೆ, ಜತೆಗೆ ಗೋಡೆಯೊಳಗಿನ ಸಂದುಗಳೂ ಸಡಿಲವಾಗುತ್ತವೆ.

ಸಿಮೆಂಟ್ ಎರಡೂವರೆ ಸೆಂಟಿಮೀಟರ್ ದಪ್ಪ. ಡಬ್ ಡಬ್ ಎನ್ನುವ ಕಡೆ ದೋಸೆಯ ಹಾಗೆ ಎದ್ದು ಬಂತು. ಅದರ ಹಿಂದೆ ಕಲ್ಲು ಒದ್ದೆ, ಸಂದಿನ ಗಾರೆ ಬೆರಳಿಗೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಇದೇ ರೋಗ. ಹಳೆಯ ಗೋಡೆ ನೆಲದಿಂದ ನೀರು ಹೀರುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ಅಡಿಪಾಯದಲ್ಲಿ ತಡೆಪದರ ಇಲ್ಲವೇ ಇಲ್ಲ. ಸುಣ್ಣದ ಗಾರೆಯಾದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ದಾರಿ ಹುಡುಕುತ್ತಾ ಮೇಲೆ ಮೇಲೆ ಹತ್ತುತ್ತದೆ, ಉಪ್ಪನ್ನೂ ಹೊತ್ತು ತರುತ್ತದೆ. ಉಪ್ಪು ಹರಳುಗಟ್ಟಿದಾಗ ಉಬ್ಬಿ, ಒಳಗಿನಿಂದ ಪುಡಿ ಮಾಡುತ್ತದೆ.

ಉಪ್ಪನ್ನು ನೀರು ಹಾಕಿ ತೊಳೆಯಬೇಡಿ. ನಾನು ಪೈಪ್ ಹಿಡಿದುಕೊಂಡೇ ನಿಂತಿದ್ದೆ. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಒಣ ಬ್ರಶ್‌ನಿಂದ ಉಜ್ಜಿ, ಕೆಳಗೆ ಬಟ್ಟೆ ಹಾಸಿ ಹಿಡಿದುಕೊಳ್ಳಬೇಕು. ಮೂರು ವಾರ, ಪ್ರತಿ ಶನಿವಾರ ಹಾಗೇ ಉಜ್ಜಿದೆ. ಇದನ್ನು ವಾರಾಂತ್ಯದ ಲೆಕ್ಕಕ್ಕೆ ಹಿಡಿದಿಲ್ಲ, ಪ್ರತಿ ಸಲ ಅರ್ಧ ಗಂಟೆಯ ಕೆಲಸ, ಆಮೇಲೆ ಮದಾಮ್ ಊಟ.

ಸಡಿಲ ಗಾರೆಯನ್ನು ಸಂದುಗಳಿಂದ ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಕೆದಕಿ ತೆಗೆದೆ. ಬಾಗಿಲ ಪಕ್ಕ ಒಂದು ಕಡೆ ಸಿಮೆಂಟಿನ ಹಿಂದೆ ಅಂಗೈ ಅಗಲದ ಹಳೆಯ ಗಿಲಾವು ಉಳಿದಿತ್ತು. ಕೆಂಪಲ್ಲ, ಹಳದಿಯಲ್ಲ, ಹಣ್ಣಾದ ಏಪ್ರಿಕಾಟ್ ಬಣ್ಣ. ಮೇಲಿನ ಅಂತಸ್ತಿನದೇ ಗಿಲಾವು ಇದು, ಬಿಸಿಲು ಕಾಣದೆ ಐವತ್ತು ವರ್ಷ ಮುಚ್ಚಿಕೊಂಡು ಇದ್ದದ್ದು. ಒಂದು ಚೂರು ಜೇಬಿಗೆ ಹಾಕಿಕೊಂಡೆ.

ವಿನೆಗರ್ ಬಾಟಲಿ

ಆ ಚೂರಿನ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಡೀ ಕೆಲಸ ತಿರುಗಿದ್ದು ಅಲ್ಲೇ.

ನಾನು ಅಂದುಕೊಂಡಿದ್ದು ಹೀಗೆ: ಸಾದಾ ಗಾರೆ, ಅದರ ಮೇಲೆ ಬಣ್ಣದ ಸುಣ್ಣ. ಸರಿಯಾದ ಕಾವಿ ಪುಡಿ ತಂದು, ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮುಗಿಯಿತು. ಚೂರನ್ನು ಮುರಿದು ನೋಡಿದೆ. ಒಳಗೂ ಅದೇ ಬಣ್ಣ! ಮೇಲೆ ಬಳಿದದ್ದಲ್ಲ.

ಅಡುಗೆಮನೆಯ ಬಿಳಿ ವಿನೆಗರ್‌ನಲ್ಲಿ ಚೂರನ್ನು ಹಾಕಿಟ್ಟೆ. ಬುಸ್ ಎಂದು ನೊರೆ ಬಂತು. ಹುಳಿಗೆ ಸುಣ್ಣ ಕರಗುತ್ತದೆ, ಬೆಣಚುಕಲ್ಲಿನ ಮರಳು ಕರಗುವುದಿಲ್ಲ. ಎರಡು ದಿನ, ನಡುವೆ ಒಮ್ಮೆ ವಿನೆಗರ್ ಬದಲಿಸಿ. ಆಮೇಲೆ ತೊಳೆದು ಕಾಫಿ ಫಿಲ್ಟರ್‌ನಲ್ಲಿ ಸೋಸಿ ಒಣಗಿಸಿದೆ. ಉಳಿದದ್ದು ಒಂದು ಚಮಚ ಮರಳು. ಕಾಳು ಕಾಳಿಗೂ ಕಿತ್ತಳೆ ಬಣ್ಣದ ಸಿಪ್ಪೆ ಅಂಟಿಕೊಂಡಿದೆ. ಫಿಲ್ಟರ್ ಕಾಗದ ಹಳದಿಯಾಗಿತ್ತು.

ಅಂದರೆ ಹಳಬರು ಬಣ್ಣ ಕೊಂಡೇ ಇರಲಿಲ್ಲ. ಊರಿನ ಹಿತ್ತಲಿನಿಂದ ಮರಳು ಅಗೆದು ತಂದಿದ್ದರು, ಸುಣ್ಣ ಕಲಸಿ ಗೋಡೆಗೆ ಹಾಕಿದ್ದರು. ಊರು ಕೆಂಪಾಗಿರುವುದು ಯಾರೋ ಚೆಂದಕ್ಕೆ ಬಳಿದದ್ದಕ್ಕಲ್ಲ. ಮರಳೇ ಹಾಗಿತ್ತು, ಅಷ್ಟೆ.

ಈ ಮರಳಿನ ಹಿನ್ನೆಲೆ ದೊಡ್ಡದು. ಸುಮಾರು 11 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ಸಮುದ್ರ. ತಳದಲ್ಲಿ ಹಸಿರು ಮರಳು ಕೂತಿತು. ಸಮುದ್ರ ಹಿಂದೆ ಸರಿದ ಮೇಲೆ ಬಿಸಿ ಹವೆ, ಜೋರು ಮಳೆ. ಮಳೆನೀರು ಮರಳಿನ ಸತ್ವವನ್ನೆಲ್ಲ ತೊಳೆದುಕೊಂಡು ಹೋಗಿ, ಬಿಳಿ ಜೇಡಿ ಮತ್ತು ಕಬ್ಬಿಣದ ಅಂಶ ಉಳಿಯಿತು. ನಮ್ಮ ಕರಾವಳಿಯ ಮುರಕಲ್ಲು ಆದದ್ದೂ ಹೆಚ್ಚು ಕಡಿಮೆ ಹೀಗೇ, ಬಿಸಿಲು ಮಳೆಯ ಕೈವಾಡದಿಂದ. ಹಾಗಾಗಿ ನನಗೆ ಈ ಊರಿನ ಮಣ್ಣು ಪರಕೀಯ ಅನ್ನಿಸಲಿಲ್ಲ. ನಾನು ಕುಮಟಾ ಕಡೆಯವನು. ಮಳೆ ಬಂದಾಗ ಇಲ್ಲಿನ ದಾರಿಯಲ್ಲಿ ಹರಿಯುವ ನೀರು ನೋಡಿದರೆ ಸಾಕು.

ಮದಾಮ್ ಬಳಿ ಬೇರೆ ಕತೆ ಇದೆ. ಊರಿನ ಒಡೆಯನ ಹೆಂಡತಿ ಸೆರ್ಮೋಂದ್ ಒಬ್ಬ ಹಾಡುಗಾರನನ್ನು ಪ್ರೀತಿಸಿದಳಂತೆ. ಗಂಡ ಅವನನ್ನು ಕೊಂದು, ಅವನ ಹೃದಯವನ್ನು ಅಡುಗೆ ಮಾಡಿಸಿ ಅವಳಿಗೇ ಬಡಿಸಿದನಂತೆ. ವಿಷಯ ಗೊತ್ತಾದ ಮೇಲೆ ಅವಳು ಕಮರಿಗೆ ಹಾರಿದಳು, ಅವಳ ರಕ್ತದಿಂದ ಮಣ್ಣು ಕೆಂಪಾಯಿತು. ಊಟದ ಮೇಜಿನಲ್ಲೇ ಹೇಳಿದರು. ತಟ್ಟೆಯಲ್ಲಿ ಏನೋ ಮಾಂಸವಿತ್ತು. ನಾನು ಬ್ರೆಡ್ ಕಡೆ ಕೈ ಚಾಚಿದೆ.

ಮರಳು ಎಲ್ಲಿಂದ ತರೋದು?

ಕಮರಿಯಿಂದ ಒಂದು ಹಿಡಿ ಕೂಡ ತೆಗೆಯುವಂತಿಲ್ಲ. ಅಲ್ಲಿ ಈಗ ಬೇಲಿ ಕಟ್ಟಿದ ಕಾಲುದಾರಿ, ಟಿಕೆಟ್. ಬೂಟಿನ ತಳದಲ್ಲಿ ಅಂಟಿದ್ದನ್ನು ಮಾತ್ರ ಮನೆಗೆ ತರಬಹುದು, ಅದೂ ಬೇಡ ಎಂದರೂ ಬರುತ್ತದೆ. ಈ ಸೀಮೆಯಲ್ಲಿ ಈಗಲೂ ಕಾವಿ ತೆಗೆಯುವ ಗಣಿ ಇರುವುದು ಪಕ್ಕದ ಗಾರ್ಗಾಸ್‌ನಲ್ಲಿ. ಅದೇ ಊರಲ್ಲಿ ಬ್ರುಯೋ ಎಂಬ ಹಳೆಯ ಗಣಿಯೂ ಇದೆ. ಬೆಟ್ಟದೊಳಗೆ ಕೈಯಿಂದ ಕೊರೆದ ಸುರಂಗಗಳು, ಕೆಲವು ಕಡೆ ಹದಿನೈದು ಮೀಟರ್ ಎತ್ತರ. ಒಂದು ಮಳೆಯ ಶನಿವಾರ ಹೋಗಿ ನೋಡಿದೆ. ಚರ್ಚಿನೊಳಗೆ ನಿಂತ ಹಾಗಿರುತ್ತದೆ, ತಂಪು ಬೇರೆ.

ಆಪ್ಟ್ ಪಟ್ಟಣದ ಒಂದು ಅಂಗಡಿಯಲ್ಲಿ ಕಿತ್ತಳೆ ಮರಳು ಸಿಕ್ಕಿತು. ನೋಡಿದ ತಕ್ಷಣ ಖುಷಿಯಾಗಿ ಎಂಟು ಚೀಲ ತುಂಬಿಸಿಕೊಂಡೆ. ಮನೆಗೆ ಬಂದು ಬಾಟಲಿ ಪರೀಕ್ಷೆ ಮಾಡಿದೆ. ಕೊಳ್ಳುವ ಮುಂಚೆ ಮಾಡಬೇಕಿತ್ತು, ಬಿಡಿ. ಅರ್ಧ ಬಾಟಲಿ ಮರಳು, ಮೇಲೆ ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ರಾತ್ರಿ ಇಡಬೇಕು. ಬೆಳಿಗ್ಗೆ ತಳದಲ್ಲಿ ಮರಳು ನಾಲ್ಕು ಬೆರಳು, ಅದರ ಮೇಲೆ ಜೇಡಿ ಒಂದು ಬೆರಳು. ಇಷ್ಟು ಜೇಡಿ ಇದ್ದರೆ ಗಾರೆ ಒಣಗುವಾಗ ಬಿರಿಯುತ್ತದೆ, ಕೆರೆಯ ತಳದ ಹಾಗೆ. ಮೇಸ್ತ್ರಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅರ್ಧಕ್ಕರ್ಧ ಹೊಳೆಯ ಮರಳು ಬೆರೆಸು ಎಂದರು. ದ್ಯುರಾನ್ಸ್ ನದಿಯ ಮರಳು, ಬೂದು ಬಣ್ಣ. ಬಿರಿಯುವುದು ನಿಂತಿತು. ಆದರೆ ಬಣ್ಣವೂ ಅರ್ಧಕ್ಕೆ ಇಳಿಯಿತು.

ಈಗ ಕಾವಿ ಪುಡಿ ಬೇಕೇ ಬೇಕು.

ಪುಡಿ

ಊರ ಹೊರಗೆ, ಆಪ್ಟ್ ರಸ್ತೆಯಲ್ಲಿ, ಮಾತಿಯೋ ಎಂಬ ಹಳೆಯ ಕಾವಿ ಕಾರ್ಖಾನೆ ಇದೆ. 1963ರಲ್ಲಿ ಮುಚ್ಚಿತು. ಈಗ ಅದು ಒಕ್ರಾ ಎಂಬ ಸಂಗ್ರಹಾಲಯ. ಪುಡಿಗಳನ್ನೂ ಮಾರುತ್ತಾರೆ. ಹೋದರೆ ಬೇಗ ಹೊರಗೆ ಬರಲು ಮನಸ್ಸಾಗುವುದಿಲ್ಲ.

ಅಗೆದ ಮಣ್ಣಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಬರೀ ಮರಳು. ಕಾವಿ ಉಳಿದ ಸ್ವಲ್ಪ ಮಾತ್ರ. ಬೇರೆ ಮಾಡುವ ಉಪಾಯ ಸರಳ. ನೀರಿನ ರಭಸಕ್ಕೆ ಮಣ್ಣು ಕರಗಿಸಿ ಕಾಲುವೆಯಲ್ಲಿ ಹರಿಬಿಡುತ್ತಾರೆ. ಮರಳು ಭಾರ, ದಾರಿಯಲ್ಲೇ ಕೂರುತ್ತದೆ. ಕಾವಿ ಹಗುರ, ನೀರಿನ ಜತೆ ತೇಲುತ್ತಾ ಹೋಗಿ ತೊಟ್ಟಿ ಸೇರುತ್ತದೆ. ಚಳಿಗಾಲವೆಲ್ಲ ತೊಟ್ಟಿ ತುಂಬಿಸುವುದು. ಬೇಸಿಗೆ ಹತ್ತಿರವಾದಾಗ ನೀರು ಇಂಗಿ, ಬರ್ಫಿಯ ಹದಕ್ಕೆ ಬಂದ ಕೆಸರನ್ನು ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸುವುದು. ಹಳದಿ ಬೇಕಾದರೆ ಹಾಗೇ ಬೀಸುತ್ತಾರೆ. ಕೆಂಪು ಬೇಕಾದರೆ ಒಲೆಯಲ್ಲಿ ಸುಡುತ್ತಾರೆ. ಹಳದಿ ಕಾವಿಯಲ್ಲಿರುವ ಕಬ್ಬಿಣದ ಖನಿಜದೊಳಗೆ ನೀರು ಸೇರಿಕೊಂಡಿರುತ್ತದೆ. ಬಿಸಿಗೆ ಅದು ಹೊರಟು ಹೋದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ನಂಬಿಕೆ ಬರದಿದ್ದರೆ ಒಂದು ಚಮಚ ಹಳದಿ ಕಾವಿಯನ್ನು ಹಳೆಯ ಬಾಣಲೆಯಲ್ಲಿ ಹುರಿದು ನೋಡಿ. ನಾನು ನೋಡಿದೆ. ಬಾಣಲೆ ಮತ್ತೆ ಅಡುಗೆಗೆ ಬರುವುದಿಲ್ಲ, ಎಚ್ಚರ.

ಈ ತೊಳೆಯುವ ವಿದ್ಯೆಯನ್ನು ಉದ್ಯಮವಾಗಿ ಬೆಳೆಸಿದವನು ಇದೇ ಊರಿನ ಜಾನ್ ಎತಿಯೆನ್ ಆಸ್ತಿಯೆ, 1780ರ ದಶಕದಲ್ಲಿ. ಆಮೇಲೆ ರೈಲು ಬಂತು, ಪೀಪಾಯಿಗಳು ಮಾರ್ಸೇ ಬಂದರಿನಿಂದ ದೇಶದೇಶಕ್ಕೆ ಹೋದವು. ಬಣ್ಣಕ್ಕೆ ಮಾತ್ರವಲ್ಲ, ರಬ್ಬರಿಗೆ ಬೆರೆಸಲಿಕ್ಕೂ ಕಾವಿ ಬೇಕಿತ್ತು. 1929ರ ಆರ್ಥಿಕ ಕುಸಿತ, ಜತೆಗೆ ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಐರನ್ ಆಕ್ಸೈಡ್. ಇವೆರಡೂ ಸೇರಿ ಉದ್ಯಮವನ್ನು ಮಲಗಿಸಿದವು. ಕಾವಿ ಪೀಪಾಯಿಗಳ ಮೇಲೆ ಜೆಎಫ್‌ಎಲ್‌ಇಎಸ್ ಎಂಬಂಥ ಅಕ್ಷರಗಳಿರುತ್ತವೆ. ಜೆ ಎಂದರೆ ಹಳದಿ, ಎಫ್ ಎಂದರೆ ಗಾಢ, ಎಲ್ ಎಂದರೆ ತೊಳೆದದ್ದು. ನಮ್ಮ ಅಕ್ಕಿ ಅಂಗಡಿಯ ಚೀಟಿಯ ಹಾಗೆ, ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಎರಡು ಕಿಲೋ ಹಳದಿ, ಒಂದು ಕಿಲೋ ಕೆಂಪು ಕೊಂಡೆ.

ಮೇ ಮತ್ತು ಜೂನ್: ಗಾರೆ

ಮೂರು ಪದರ. ಒಂದೇ ನಿಯಮ ನೆನಪಿಡಿ: ಗೋಡೆಯಿಂದ ಹೊರಗೆ ಬಂದ ಹಾಗೆ ಸುಣ್ಣ ಕಡಿಮೆಯಾಗುತ್ತಾ ಬರಬೇಕು. ಹೊರಗಿನ ಪದರ ಒಳಗಿನದಕ್ಕಿಂತ ಗಟ್ಟಿಯಾದರೆ ಕಳಚಿ ಬೀಳುತ್ತದೆ.

ಮೊದಲ ಪದರಕ್ಕೆ ಇಲ್ಲಿ ಗೋಬೆತಿ ಎನ್ನುತ್ತಾರೆ. ನೀರಿನಲ್ಲೂ ಗಟ್ಟಿಯಾಗುವ ಎನ್‌ಎಚ್‌ಎಲ್ 3.5 ಸುಣ್ಣ ಒಂದು ಪಾಲು, ದಪ್ಪ ಮರಳು ಎರಡು ಪಾಲು, ಪಾಯಸದ ಹದ. ಹಿಂದಿನ ರಾತ್ರಿಯೇ ಗೋಡೆಯನ್ನು ಚೆನ್ನಾಗಿ ನೆನೆಸಬೇಕು. ಇದನ್ನು ಬಳಿಯುವುದಲ್ಲ, ಕರಣೆಯಿಂದ ಎಸೆಯುವುದು. ಮೊದಲ ಅರ್ಧ ಗಂಟೆ ಗೋಡೆಗಿಂತ ನನ್ನ ಮೇಲೆ ಜಾಸ್ತಿ ಬಿತ್ತು. ಮೇಸ್ತ್ರಿ ಕರಣೆ ಕಿತ್ತುಕೊಂಡು ನಾಲ್ಕು ಸಲ ಎಸೆದು ತೋರಿಸಿದರು. ಮಣಿಕಟ್ಟಿನ ಆಟ ಅದು, ತೋಳಿನದಲ್ಲ. ನೀರುದೋಸೆ ಕಾವಲಿಗೆ ಎರಚುವ ಹಾಗೆ. ಅದು ಹೊಳೆದ ಮೇಲೆ ಸಲೀಸಾಯಿತು.

ಎರಡು ವಾರ ಬಿಟ್ಟು ಎರಡನೇ ಪದರ. ಒಂದಕ್ಕೆ ಎರಡೂವರೆ ಪಾಲು ಮರಳು, ಹದಿನೈದು ಮಿಲಿಮೀಟರ್ ದಪ್ಪ. ಲೆಕ್ಕದ ಪ್ರಕಾರ 105 ಲೀಟರ್ ಗಾರೆ ಸಾಕಾಗಬೇಕಿತ್ತು. 160 ಲೀಟರ್ ಹೋಯಿತು. ಕಲ್ಲಿನ ಗೋಡೆಗೆ ಗುಳಿಗಳಿರುತ್ತವೆ ಅಂತ ಲೆಕ್ಕಕ್ಕೆ ಗೊತ್ತಿರಲಿಲ್ಲ. ಸುಣ್ಣವನ್ನು ಬಕೆಟ್‌ನಲ್ಲಿ ಅಳೆಯಿರಿ, ಕಿಲೋ ಲೆಕ್ಕ ಬೇಡ. ಇದೇ ಸುಣ್ಣದ 25 ಕಿಲೋ ಚೀಲ 35 ಲೀಟರ್ ದಾಟುತ್ತದೆ. ಮರಳು ಅದರ ಎರಡರಷ್ಟು ಭಾರ. ತೂಕದಲ್ಲಿ ಬೆರೆಸಿದರೆ ಸುಣ್ಣ ವಿಪರೀತ ಜಾಸ್ತಿಯಾಗುತ್ತದೆ.

ಈ ಪದರವನ್ನು ನುಣುಪು ಮಾಡಬಾರದು. ಮಟ್ಟ ಹಾಕಿ, ಕರಣೆಯ ಅಂಚಿನಿಂದ ಗೀರು ಹಾಕಿ ಬಿಟ್ಟೆ. ಮೇಲೆ ಒದ್ದೆ ಗೋಣಿತಾಟು. ಮದಾಮ್ ವಾರವಿಡೀ ಬೆಳಿಗ್ಗೆ ಸಂಜೆ ಗಿಡಕ್ಕೆ ನೀರು ಹಾಕುವಾಗ ಗೋಡೆಗೂ ಹಾಕಿದರು.

ಜೂನ್ ಮಧ್ಯದಲ್ಲಿ ಕೊನೆಯ ಪದರ. ಇದಕ್ಕೆ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುವ ಸಿಎಲ್ 90 ಸುಣ್ಣ. ಒಂದಕ್ಕೆ ಮೂರು ಪಾಲು ನುಣುಪು ಮರಳು, ಅರ್ಧ ಕಿತ್ತಳೆ, ಅರ್ಧ ನದಿಯದು. ಆರು ಮಿಲಿಮೀಟರ್. ಒದ್ದೆಯಿದ್ದಾಗ ಮೇಲಿನ ಅಂತಸ್ತಿನದೇ ಬಣ್ಣ! ಮೇಸ್ತ್ರಿಗೆ ತೋರಿಸಿದೆ. "ನಾಳೆ ನೋಡು" ಎಂದು ಹೊರಟು ಹೋದರು.

ಮರುದಿನ ನೋಡಿದೆ. ಹಾಲು ಜಾಸ್ತಿಯಾದ ಚಹಾ.

ಜೂನ್ ಕೊನೆ: ಕೆಟ್ಟದ್ದು

ಇಲ್ಲಿ ಒಂದು ಅವಕಾಶ ತಪ್ಪಿಸಿಕೊಂಡೆ. ಗಾರೆ ಹಸಿಯಿರುವಾಗಲೇ ಬಣ್ಣದ ಸುಣ್ಣ ಬಳಿದರೆ ಎರಡೂ ಒಟ್ಟಿಗೆ ಕಲ್ಲಾಗುತ್ತವೆ. ಗಾರೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆಗ ಮೇಲ್ಮೈಯಲ್ಲಿ ಕಟ್ಟುವ ತೆಳು ಹರಳಿನ ಪೊರೆಯೊಳಗೆ ಬಣ್ಣದ ಕಣಗಳು ಸಿಕ್ಕಿಕೊಳ್ಳುತ್ತವೆ. ನಮ್ಮ ಕಡೆಯ ಹಳೆಯ ದೇವಸ್ಥಾನಗಳ ಕಾವಿ ಕಲೆ ಇದೇ ಅಲ್ವಾ? ಸುಣ್ಣದ ಗಿಲಾವಿನ ಮೇಲೆ ಹಸಿಯಿರುವಾಗಲೇ ಕೆಮ್ಮಣ್ಣಿನ ಪದರ ಕೊಟ್ಟು, ಗೀರಿ ಬಿಳಿ ಚಿತ್ರ ತೆಗೆಯುತ್ತಾರೆ. ಚಿಕ್ಕವನಿದ್ದಾಗ ಪ್ರಸಾದಕ್ಕೆ ಕಾಯುತ್ತಾ ಆ ಬಳ್ಳಿ, ಹೂವುಗಳ ಮೇಲೆ ಬೆರಳು ಆಡಿಸುತ್ತಿದ್ದೆ. ಬೆರಳಿಗೆ ಬಣ್ಣ ಹತ್ತುತ್ತಿರಲಿಲ್ಲ. ಕರಾವಳಿಯ ಮಳೆಯನ್ನೇ ತಡೆದ ಬಣ್ಣ, ಹುಡುಗನ ಬೆರಳು ಯಾವ ಲೆಕ್ಕ.

ಆದರೆ ನನಗೆ ಸೋಮವಾರ ಆಫೀಸು. ಗಾರೆ ಹಾಕಿ ಏಕ್ಸ್‌ಗೆ ಹೊರಟೆ. ಎರಡು ವಾರ ಬಿಟ್ಟು ಬಂದಾಗ ಗಾರೆ ಒಣಗಿತ್ತು. ಇನ್ನು ಒಣ ಗೋಡೆಯ ಮೇಲೇ ಬಳಿಯಬೇಕು.

ಎರಡು ಕಿಲೋ ಸುಣ್ಣಕ್ಕೆ 700 ಗ್ರಾಂ ಕಾವಿ ಹಾಕಿದೆ. ಕಾವಿ ಸುಣ್ಣದ ತೂಕದ ಕಾಲು ಭಾಗ ದಾಟಬಾರದು ಎಂದು ಓದಿದ್ದೆ, ಕೇಳಿಯೂ ಇದ್ದೆ. ಆದರೂ ಬಣ್ಣ ಗಾಢವಾಗಲಿ ಎಂಬ ಆಸೆ. ಗೋಡೆ ನೆನೆಸಿದೆ, ಬಳಿಯಲು ಶುರು ಮಾಡಿದೆ. ಹನ್ನೊಂದು ಗಂಟೆಗೆ ಮಿಸ್ತ್ರಾಲ್ ಎದ್ದಿತು. ಉತ್ತರದಿಂದ ಬೀಸುವ ಒಣ ಗಾಳಿ, ಇಲ್ಲಿನವರು ಅದರ ಹೆಸರು ಹೇಳುವಾಗಲೇ ಹುಬ್ಬು ಗಂಟಿಕ್ಕುತ್ತಾರೆ. ಬಿಸಿಲು ಬೇರೆ. ಕುಂಚ ಎತ್ತುವುದರೊಳಗೆ ಸುಣ್ಣ ಒಣಗುತ್ತಿತ್ತು. ಮೇಸ್ತ್ರಿ ಬಂದರು, ನೋಡಿದರು, ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಹೋದದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಗೋಡೆಗೆ ಅಂಗೈ ಒರಗಿಸಿದೆ. ಅಂಗೈ ಕುಂಕುಮ ಹಚ್ಚಿದ ಹಾಗೆ. ಮದಾಮ್ ಅವರ ಬೆಕ್ಕು ಗೋಡೆಗೆ ಮೈ ಉಜ್ಜಿ ಒಂದು ಕಡೆ ಕಿತ್ತಳೆಯಾಗಿತ್ತು.

ಕಾರಣ ಎರಡು. ಸುಣ್ಣ ಕಲ್ಲಾಗಲು ಗಾಳಿಯ ಜತೆ ತೇವವೂ ಬೇಕು. ತೇವ ಬೇಗ ಆರಿದರೆ ಅದು ಬರೀ ಸೀಮೆಸುಣ್ಣದ ಪುಡಿಯಾಗಿ ಉಳಿಯುತ್ತದೆ. ಇನ್ನೊಂದು, ಕಾವಿಯ ಕಣಗಳನ್ನು ಹಿಡಿದಿಡಲು ಸಾಕಷ್ಟು ಸುಣ್ಣವೇ ಇರಲಿಲ್ಲ. ಬ್ರಶ್‌ನಿಂದ ಪೂರ್ತಿ ಉಜ್ಜಿ ತೆಗೆದೆ. ಬೀದಿಯ ಕಲ್ಲುಹಾಸು ಮೂರು ದಿನ ಕೆಂಪಾಗಿತ್ತಂತೆ. ಜುಲೈ, ಆಗಸ್ಟ್‌ನಲ್ಲಿ ಮೂವತ್ತು ಡಿಗ್ರಿ ದಾಟುತ್ತದೆ, ಸುಣ್ಣ ಮುಟ್ಟುವ ಹಾಗಿಲ್ಲ. ಪ್ರವಾಸಿಗರು ಆ ಅರೆಬರೆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹಳೆಯದು, ಚೆನ್ನಾಗಿದೆ ಎಂದರಂತೆ.

ಸೆಪ್ಟೆಂಬರ್: ಮತ್ತೆ

ಈ ಸಲ ಹೆಂಚಿನ ಚೂರುಗಳ ಮೇಲೆ ಮೊದಲು ಮಾದರಿ. ಏಳು ಮಾಡಿದೆ. ಪ್ರತಿಯೊಂದರ ಹಿಂದೆ ತೂಕ ಬರೆದೆ. ಸುಣ್ಣದ ಬಣ್ಣ ಒಣಗಿದಾಗ ತುಂಬಾ ತಿಳಿಯಾಗುತ್ತದೆ, ಹಾಗಾಗಿ ಹಸಿಯಿದ್ದಾಗ ನೋಡಿ ಪ್ರಯೋಜನವಿಲ್ಲ. ಮದಾಮ್ ಅವರ ಹೇರ್ ಡ್ರೈಯರ್ ಕೆಲಸಕ್ಕೆ ಬಂತು. ಒಣಗಿದ ಮಾದರಿಗಳನ್ನು ಏಣಿ ಹತ್ತಿ ಮೇಲಿನ ಅಂತಸ್ತಿನ ಗಿಲಾವಿನ ಪಕ್ಕ ಹಿಡಿದು ನೋಡಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಐದನೆಯದು ಹತ್ತಿರ ಬಂತು: ಎರಡು ಕಿಲೋ ಸುಣ್ಣಕ್ಕೆ 300 ಗ್ರಾಂ ಹಳದಿ, 120 ಗ್ರಾಂ ಕೆಂಪು. ಕಾಲು ಭಾಗಕ್ಕಿಂತ ಕೆಳಗೇ.

ಕಾವಿಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿದೆ, ಗಂಟು ಉಳಿಯಬಾರದು. ಸುಣ್ಣ ಒಂದು ಅಳತೆ, ನೀರು ಎರಡು ಅಳತೆ. ನೀರಿನ ಹತ್ತರಲ್ಲಿ ಒಂದು ಪಾಲು ಕೆನೆ ತೆಗೆದ ಹಾಲು. ಹಾಲಿನ ಕೇಸಿನ್ ಸುಣ್ಣದ ಜತೆ ಸೇರಿ ಅಂಟಾಗುತ್ತದೆ. ಚೌತಿಗೆ ಮುಂಚೆ ಮನೆಗೆ ಸುಣ್ಣ ಹೊಡೆಯುವಾಗ ಅಜ್ಜ ಚಿಪ್ಪಿ ಸುಣ್ಣಕ್ಕೆ ಗಂಜಿ ಬೆರೆಸುತ್ತಿದ್ದರು. ಕೆಲಸ ಅದೇ, ಅಂಟು ಬೇರೆ.

ಮೋಡ ಕವಿದ ಶನಿವಾರ, ಹದಿನೆಂಟು ಡಿಗ್ರಿ, ಗಾಳಿ ಇಲ್ಲ. ಹಿಂದಿನ ಸಂಜೆ ಮತ್ತು ಬೆಳಿಗ್ಗೆ ಗೋಡೆ ನೆನೆಸಿದ್ದೆ. ತೆಳುವಾಗಿ, ಅಡ್ಡಡ್ಡ ಒಂದು ಕೈ. ಭಾನುವಾರ ಮತ್ತೆ ನೀರು ಚಿಮುಕಿಸಿ, ಉದ್ದುದ್ದ ಇನ್ನೊಂದು ಕೈ. ಬಳಿಯುವಾಗ ಏನೂ ಕಾಣುವುದಿಲ್ಲ, ನೀರು ಬಳಿದ ಹಾಗೆ. ಆಮೇಲೆ ನಿಧಾನವಾಗಿ ಮೂಡುತ್ತದೆ. ಅರ್ಧ ದಾರಿಯಲ್ಲಿ ನಿಲ್ಲಿಸಬಾರದು, ನಿಲ್ಲಿಸಿದ ಕಡೆ ಗೆರೆ ಉಳಿಯುತ್ತದೆ. ಬಾಗಿಲ ಎಡಗಡೆ ಒಂದು ಗೆರೆ ಇದೆ. ಮಗಳು ಫೋನ್ ಮಾಡಿದ್ದಳು.

ಅಕ್ಟೋಬರ್

ಅಂಗೈ ಪರೀಕ್ಷೆ ಪಾಸಾಯಿತು. ಬೆಕ್ಕೂ ಬಿಳಿಯಾಗಿಯೇ ಇದೆ.

ಬಣ್ಣ? ಹೊಸತು ಸ್ವಲ್ಪ ಎದ್ದು ಕಾಣುತ್ತಿತ್ತು. ಒಂದು ಅಳತೆ ಸುಣ್ಣಕ್ಕೆ ಹದಿನೈದು ಅಳತೆ ನೀರು, ಚಿಟಿಕೆ ಕಂದು ಮಣ್ಣು ಬೆರೆಸಿ ಸ್ಪಂಜಿನಲ್ಲಿ ಮೇಲಿಂದ ಕೆಳಗೆ ಒರೆಸಿದೆ. ಧೂಳು ಕೂತ ಹಾಗೆ ಕಂಡಿತು. ಅಷ್ಟು ಸಾಕಾಯಿತು. ಮಳೆ ಬಂದು ಗೋಡೆ ನೆನೆದರೆ ಮೇಲಿನದೂ ಕೆಳಗಿನದೂ ಒಂದೇ. ಬಿಸಿಲಿರುವ ದಿನ, ಸಂಜೆ ನಾಲ್ಕರ ಓರೆ ಬೆಳಕಿನಲ್ಲಿ, ಕೂಡು ಗೆರೆ ಕಾಣುತ್ತದೆ. ಕೆಳಗಿನದು ಒಂದು ಕೂದಲೆಳೆ ಗುಲಾಬಿ. ಮೇಸ್ತ್ರಿ ಎದುರು ಬದಿಯ ಮೆಟ್ಟಿಲ ಮೇಲೆ ಕೂತು ಸುಮಾರು ಹೊತ್ತು ನೋಡಿದರು. ನದಿ ಮರಳು ಮೂರರಲ್ಲಿ ಒಂದು ಪಾಲು ಹಾಕಿದ್ದರೆ ಸಾಕಿತ್ತು ಎಂದರು. ಅರ್ಧಕ್ಕರ್ಧ ಎಂದವರು ಯಾರು ಸ್ವಾಮೀ, ಎಂದು ಕೇಳಲಿಲ್ಲ. ಫ್ರೆಂಚಿನಲ್ಲಿ ಜಗಳವಾಡುವಷ್ಟು ನನಗೆ ಬರುವುದಿಲ್ಲ.

ನೆಲದಿಂದ ಇಪ್ಪತ್ತು ಸೆಂಟಿಮೀಟರ್ ಎತ್ತರದ ಪಟ್ಟಿಗೆ ಬಣ್ಣ ಹಚ್ಚಿಲ್ಲ, ಬರೀ ಗಾರೆ ಬಿಟ್ಟಿದ್ದೇನೆ. ಅಲ್ಲಿ ಇನ್ನೂ ತೇವ ಇದೆ, ಉಪ್ಪು ತೆಳುವಾಗಿ ಮೂಡುತ್ತಿದೆ. ಒಣ ಬ್ರಶ್ ಮದಾಮ್ ಕೈಗೆ ಕೊಟ್ಟು ಬಂದಿದ್ದೇನೆ. ಐದನೇ ಮಾದರಿಯ ಹೆಂಚು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆ, ಹಿಂದೆ ತೂಕ ಬರೆದಿದೆ. ಏಪ್ರಿಲ್‌ನಲ್ಲಿ ಉಪ್ಪು ನಿಂತಿದ್ದರೆ ಆ ಪಟ್ಟಿಯನ್ನೂ ಬಳಿಯಬೇಕು.